ಹುಣಸೆ ರಸದ ಬಣ್ಣ

ಸಲ್ಮಾಬಾದ್ ಕ್ಯಾಂಪಿನ ಮೆಸ್ಸಿನಲ್ಲಿ
ಮುನ್ನೂರು ಜನಕ್ಕೆ ಅನ್ನ ಬೇಯಿಸುವವ ನಾನು.
ಓದಿದ್ದು ಹುಮನಾಬಾದಿನಲ್ಲಿ, ನಾಲ್ಕನೇ ಇಯತ್ತೆವರೆಗೆ.
ಈ ಫೋನಿನ ವಿಷಯ
ನನಗೆ ತಿಳಿದಷ್ಟೇ ಹೇಳುತ್ತೇನೆ.

ಮೊದಲ ಶುಕ್ರವಾರ ಅವರು ಬಂದಾಗ
ಕೈಯಲ್ಲಿ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಪಟ್ಟಿಗಳು,
ಮಣಿಕಟ್ಟಿಗೆ ಕಟ್ಟಿದರೆ ನಾಡಿ ಎಣಿಸುವಂಥವು.
ಗ್ಲೆನಿಟಾ, ನರ್ಸಿಂಗ್ ಮೂರನೇ ವರ್ಷ,
ಅಪ್ಪ ಕಿನ್ನಿಗೋಳಿಯವರು, ಇವಳು ಹುಟ್ಟಿದ್ದು ಮನಾಮಾದಲ್ಲೇ.
ಜೊತೆಗೆ ಹಾನಿ, ಇಲ್ಲಿಯವನು,
ಮೀಸೆ ಬರಲೋ ಬೇಡವೋ ಎನ್ನುವ ವಯಸ್ಸು.
ಹೆಸರು ಕೇಳಿ ನಮ್ಮವರು ಬಾಯಿಗೆ ಕೈ ಹಿಡಿದು ನಕ್ಕರು;
ಅರಬಿಯಲ್ಲಿ ಅದು ಸುಖವಂತೆ.

"ನೋವು ಎಷ್ಟು? ಒಂದರಿಂದ ಹತ್ತು, ಒತ್ತಿ."
ಎಲ್ಲರೂ ಒತ್ತಿದರು ಎರಡು.
ಕಬ್ಬಿಣ ಕಟ್ಟುವ ತಿಪ್ಪಣ್ಣನೂ ಎರಡು,
ರಾತ್ರಿ ಗೋಡೆ ಹಿಡಿದು ಪಾಯಖಾನೆಗೆ ಹೋಗುವವ.
ಹತ್ತು ಒತ್ತಿದರೆ ಏನೆಂದು ಆ ಮಕ್ಕಳಿಗೆ ಗೊತ್ತಿಲ್ಲ,
ನಮಗೆ ಗೊತ್ತು: ವಿಮಾನದ ಟಿಕೆಟ್ಟು, ಒಂದೇ ಕಡೆಯದು.
ಮರುದಿನ ನೋಡಿದರೆ ಒಂದು ಪಟ್ಟಿ
ಈರುಳ್ಳಿ ಚೀಲದ ಬಾಯಿಗೆ ಬಿಗಿದಿತ್ತು.
ಈರುಳ್ಳಿಯ ನಾಡಿ ಯಾರ ಲೆಕ್ಕಕ್ಕೆ ಹೋಯಿತೋ.

ಮತ್ತೆ ಬರಲಿಕ್ಕಿಲ್ಲ ಅಂದುಕೊಂಡೆ.
ಬಂದರು. ಬರಿಗೈ.
ಮೆಸ್ಸಿನ ನೆಲದ ಮೇಲೆ ಕೂತು, ಬೇಳೆ ಆರಿಸುತ್ತ
ಹುಡುಗಿ ಕೇಳಿದಳು: "ನೋವಿಗೆ ನೀವು ಏನಂತೀರಿ?"
ಒಂದಷ್ಟು ನಗೆ. ಆಮೇಲೆ ಯಾರೋ ಅಂದ: ಚಳಕು.
ಅದು ಸೊಂಟದ್ದು, ಸರಕ್ಕನೆ ಬಂದು ಹೋಗುವುದು.
ಸೆಳೆತ ಬೇರೆ, ಮೀನಖಂಡದ್ದು.
ಜೋಮು. ಉರಿ. ಸಿಡಿತ. ಕಳಮಳ.
"ತಲಿ ಗುಂಯ್ ಅಂತದ" ಅಂದ ಶಿವರಾಯ.
"ಜೀವ ಒಂಥರಾ ಆಗ್ತದ" ಅಂದ ತಿಪ್ಪಣ್ಣ.
ಅದನ್ನೂ ಬರೆದುಕೊಂಡಳು,
ಯಾವ ಪುಸ್ತಕದಲ್ಲೂ ಇಲ್ಲದ ಕಾಯಿಲೆಯನ್ನು.
ಪಕ್ಕದ ಕೋಣೆಯ ತೆಲುಗಿನವರು, ಸಿಲ್ಹೆಟ್ಟಿನವರು
ತಮ್ಮ ತಮ್ಮ ನೋವಿನ ಹೆಸರು ಹಿಡಿದು ಸಾಲು ನಿಂತರು,
ರೇಷನ್ ಅಂಗಡಿ ಮುಂದೆ ಚೀಲ ಹಿಡಿದಂತೆ.

ಉಚ್ಚೆಯ ಬಣ್ಣ ಕೇಳುವುದು ಹೇಗೆಂದು ಹಾನಿಯ ಚಿಂತೆ.
ಅವನ ಪರದೆಯಲ್ಲಿ ಎಂಟು ಹಳದಿ,
ಬಿಸಿಲಿಗೆ ಹಿಡಿದರೆ ಎಂಟೂ ಒಂದೇ.
ಒಲೆಯ ಕಡೆಯಿಂದಲೇ ನಾನು ಹೇಳಿದೆ:
ನಿಂಬೆ ಶರಬತ್ತು. ಅರಿಸಿನ ನೀರು.
ಹಾಲಿಲ್ಲದ ಚಹಾ. ಹುಣಸೆ ರಸ.
ಹುಡುಗ ತಿರುಗಿ ನೋಡಿದ.
ಈ ಕ್ಯಾಂಪಿನಲ್ಲಿ ಯಾರಾದರೂ
ಉಪ್ಪು ಹೆಚ್ಚಾಯಿತೆಂದು ಹೇಳಲಿಕ್ಕಲ್ಲದೆ
ನನ್ನತ್ತ ತಿರುಗಿದ್ದು ಅದೇ ಮೊದಲು.

"ಕಂಪನಿಗೂ ಕೇಳಿಸ್ತದೇನು ಇದು?"
ಕೇಳಿದ್ದು ತಿಪ್ಪಣ್ಣ.
ಇಬ್ಬರೂ ಮುಖ ಮುಖ ನೋಡಿಕೊಂಡರು.
ಕೇಳಿಸುವಂತೆಯೇ ಕಟ್ಟಿದ್ದರಂತೆ; ದುಡ್ಡು ಕೊಟ್ಟವರ ಷರತ್ತು.
ಮೂರು ಶುಕ್ರವಾರ ಪತ್ತೆಯಿಲ್ಲ.
ನಾಲ್ಕನೆಯದಕ್ಕೆ ಬಸ್ಸಿಳಿದು ನಡೆದು ಬಂದರು,
ದುಡ್ಡು ಹೋಗಿತ್ತು,
ಕಂಪನಿಯ ಕಿವಿ ಕಿತ್ತು ಹಾಕಿದ್ದರು.

ಆಗಸ್ಟಿನ ಒಂದು ರಾತ್ರಿ, ಹನ್ನೊಂದು ನಲವತ್ತಕ್ಕೆ,
ಮೇಲಿನ ಮಂಚದಿಂದ ಫೋನಿಗೆ ಪಿಸುಮಾತು:
"ಹುಣಸಿ ರಸ ಆಗ್ಯದವ್ವ."
ಅಷ್ಟೇ. ಒಂದೂ ಇಲ್ಲ, ಹತ್ತೂ ಇಲ್ಲ.
ಹನ್ನೆರಡೂಕಾಲಿಗೆ ಗೇಟಿನಲ್ಲಿ ಬಿಳಿ ಗಾಡಿ,
ಹಿಂದೆಯೇ ಟ್ಯಾಕ್ಸಿಯಲ್ಲಿ ಗ್ಲೆನಿಟಾ,
ಕಾಲಲ್ಲಿ ಎರಡು ಬಗೆಯ ಚಪ್ಪಲಿ.
ಹದಿಮೂರು ದಿನ ಆಸ್ಪತ್ರೆ. ಮೂತ್ರಪಿಂಡ ಉಳಿಯಿತು,
ಪೂರ್ತಿ ಅಲ್ಲ.
ಈಗ ಅವನು ಗೋದಾಮಿನಲ್ಲಿ ಬೋಲ್ಟು ಎಣಿಸುತ್ತಾನೆ,
ಸಂಬಳ ಕಡಿಮೆ, ಎಲ್ಲರನ್ನೂ ಬೈಯುತ್ತಾನೆ, ಬದುಕಿದ್ದಾನೆ.

ಫೋನು ಈಗ ಹಾನಿಯ ದನಿಯಲ್ಲಿ ಕನ್ನಡ ಮಾತಾಡುತ್ತದೆ.
ಳ ಬಾರದು ಅವನಿಗೆ; ಚಳಕು ಚಲಕಾಗುತ್ತದೆ,
ಹುಡುಗರು ನಗುತ್ತಲೇ ಉತ್ತರ ಕೊಡುತ್ತಾರೆ.

ನಿನ್ನೆ ಮಧ್ಯಾಹ್ನ, ಆರು ಒಲೆಗಳ ನಡುವೆ,
ನನ್ನ ಜೇಬಿನೊಳಗೂ ಕೇಳಿತು: "ಬಣ್ಣ ಯಾವುದು, ಚಾಚಾ?"
ನಿಂಬೆ ಶರಬತ್ತು, ಅಂದೆ.
ಸುಳ್ಳು. ಹಾಲಿಲ್ಲದ ಚಹಾ,
ಅದೂ ಎರಡನೇ ಸಲ ಕುದಿಸಿದ್ದು.
ಫೋನು ನಂಬಿ ಸುಮ್ಮನಾಯಿತು.
ಒಂದು ಲೋಟ ನೀರು ಕುಡಿದೆ.
ಇನ್ನೊಂದು.
ಗುಂಡಿಯ ಮೇಲೆ ಹೆಬ್ಬೆರಳು, ಹಿಟ್ಟು ಹತ್ತಿದ್ದು,
ಇನ್ನೂ ಹಾಗೇ ಇದೆ.